ತಪ್ಪು ಹಿಡಿಯದವರು ಕಪ್ ತೊಳೆಯಬೇಕು

ಡಾಕ್ಟರ್ ಶೆನ್ ಯೂಲಾನ್ ಕಪ್ ತೊಳೆಯುವುದರಲ್ಲಿ ಬಲು ಅಚ್ಚುಕಟ್ಟು. ಒಳಗೆಲ್ಲ ಉಜ್ಜಿ, ಹಿಡಿಯ ಸಂದಿಯಲ್ಲಿ ಬೆರಳಾಡಿಸಿ, ಬಟ್ಟೆಯ ಮೇಲೆ ಬೋರಲು ಹಾಕುತ್ತಿದ್ದಳು. ಚೀನಾದ ಲಾನ್‌ಝೌ ಊರಿನಲ್ಲಿ ಆಕೆ ದೊಡ್ಡ ಡಾಕ್ಟರು, ಕೈಕೆಳಗೆ ಆರೇಳು ಜನ. ಸಿಡ್ನಿಯ ನನ್ನ ಲ್ಯಾಬ್‌ಗೆ ಕಲಿಯಲು ಬಂದವಳು ವಾರವಾರವೂ ಸಿಂಕಿನ ಮುಂದೆ ನಿಲ್ಲುತ್ತಿದ್ದಳು. ಕಾರಣ ನಾನು ಹಾಕಿದ ನಿಯಮ.

ರೋಗಿಯ ಲಿವರ್‌ನಿಂದ ತೆಗೆದ ಚೂರಿಗೆ ಬಣ್ಣ ಹಾಕಿ, ಸ್ಲೈಡ್ ಎಂಬ ಗಾಜಿನ ಮೇಲಿಟ್ಟು, ಮೈಕ್ರೋಸ್ಕೋಪಿನಲ್ಲಿ ನೋಡಿ ರೋಗ ಎಲ್ಲಿಗೆ ಬಂತು ಎಂದು ಹೇಳುವುದು ನಮ್ಮ ಕಸುಬು. ಎರಡು ಸಾವಿರದ ಇಸವಿಯಿಂದಾಚೆ ವರ್ಷಕ್ಕೆ ಇಬ್ಬರೋ ಮೂವರೋ ಚೀನಾದಿಂದ ಬರುತ್ತಿದ್ದರು. ಅವರಿಗೆ ಇಲ್ಲಿ ರೋಗಿಯನ್ನು ಮುಟ್ಟುವ ಹಕ್ಕಿಲ್ಲ, ಗಾಜು ಮುಟ್ಟಬಹುದು. ಬೆಳಿಗ್ಗೆ ನನಗಿಂತ ಮುಂಚೆ ಬರುವರು, ನನಗಿಂತ ತಡವಾಗಿ ಹೋಗುವರು. ಅವರ ಒಂದೇ ರೋಗ, ನಾನು ಏನಂದರೂ ತಲೆಯಾಡಿಸುವುದು. ಒಮ್ಮೆ ಬೇಕಂತಲೇ ಕ್ಯಾನ್ಸರ್ ಇರುವ ಹಳೆಯದೊಂದು ಸ್ಲೈಡ್ ಇಟ್ಟು 'ಏನೂ ಇಲ್ಲ, ಮನೆಗೆ ಕಳಿಸಿ' ಎಂದೆ. ಮೂವರು ಡಾಕ್ಟರುಗಳು 'ಎಸ್ ಪ್ರೊಫೆಸರ್' ಎಂದು ರೋಗಿಯನ್ನು ಸಾಯಲು ಕಳಿಸಿಕೊಟ್ಟರು.

ಅಂದೇ ನಿಯಮ ಹಾಕಿದೆ. ಶುಕ್ರವಾರ ಊಟವಾದ ಮೇಲೆ ಎಲ್ಲರಿಗೂ ಚಹಾ. ಆ ವಾರ ನಾನು ಮಾಡಿದ ಒಂದು ತಪ್ಪನ್ನು ಯಾರಾದರೂ ಎಲ್ಲರೆದುರು ಹೇಳಬೇಕು. ಹೇಳಿದರೆ ಎಲ್ಲರ ಕಪ್ಪನ್ನೂ ನಾನು ತೊಳೆಯುತ್ತೇನೆ. ಹೇಳದಿದ್ದರೆ ಅವರು ತೊಳೆಯಬೇಕು. ಪುಣ್ಯಾತ್ಮರು ಸಂತೋಷವಾಗಿ ತೊಳೆದರು.

ನನ್ನ ಹೆಂಡತಿ ರುದ್ರವ್ವ ಕೇಳಿ ನಕ್ಕಳು. "ನಿಮ್ಮ ತಪ್ಪು ಹೇಳಾಕ ಮನಿಯಾಗ ನಾ ಒಬ್ಬಾಕಿ ಅದೀನಲ್ಲ, ಲ್ಯಾಬಿನ್ಯಾಗೂ ಬೇಕೇನು?"

"ನೀ ಹೇಳತಿ, ಹಂಗಾಗಿ ನೀ ಕಪ್ ತೊಳಿಯೂದು ಬ್ಯಾಡ," ಎಂದೆ.

"ಹೇಳಿಯೂ ನಾನ ತೊಳೀತೀನಿ. ಅವರಿಗೆ ಹೇಳ್ರಿ, ನಮ್ಮ ಮನಿ ನೇಮ ಇನ್ನೂ ಛಲೋ ಐತಿ ಅಂತ."

ಯೂಲಾನ್ ಬಂದದ್ದು ಎರಡು ಸಾವಿರದ ಮೂರರ ಜನವರಿಯಲ್ಲಿ. ನಲವತ್ತರ ಹತ್ತಿರದ ಹೆಂಗಸು, ಗಿಡ್ಡ ಕೂದಲು, ಗಟ್ಟಿ ಮೈ. ಸಿಡ್ನಿಯದೇ ಲಿವರ್‌ಪೂಲ್ ಬಡಾವಣೆಯಲ್ಲಿ ಒಂದು ವಿಯೆಟ್ನಾಂ ಕುಟುಂಬದ ಮನೆಯ ಹಿಂದಿನ ರೂಮು ರೆಂಟಿಗೆ ಹಿಡಿದಿದ್ದಳು. ಆರು ವರ್ಷದ ಮಗಳನ್ನು ಅತ್ತೆಯ ಬಳಿ ಬಿಟ್ಟು ಬಂದಿದ್ದಳು. ಉಳಿದವರಂತೆ ಈಕೆಯೂ ತಲೆಯಾಡಿಸುವವಳೇ ಅಂದುಕೊಂಡೆ. ಮೂರನೆಯ ವಾರ ಒಂದು ಸ್ಲೈಡ್ ನೋಡಿ ಹೇಳಬೇಕಾದ್ದು ಹೇಳಿ ಎದ್ದೆ. ಎಲ್ಲರೂ ಹೋದ ಮೇಲೆ ಆಕೆ ಆ ಗಾಜನ್ನೇ ಮತ್ತೆ ಮೈಕ್ರೋಸ್ಕೋಪಿನ ಕೆಳಗಿಟ್ಟು ನಿಂತಿದ್ದಳು.

"ಪ್ರೊಫೆಸರ್, ಇದನ್ನು ಇನ್ನೊಮ್ಮೆ ನೋಡುತ್ತೀರಾ?"

ನೋಡಿದೆ. ಮೂಲೆಯಲ್ಲಿ ನಾನು ನೋಡದೆ ಬಿಟ್ಟ ಒಂದು ಕಲೆ ಕೂತಿತ್ತು.

"ಇದನ್ನ ಶುಕ್ರವಾರ ಹೇಳು," ಎಂದೆ ಖುಷಿಯಾಗಿ.

"ಶುಕ್ರವಾರ ಜನ ಇರುತ್ತಾರೆ, ಪ್ರೊಫೆಸರ್."

"ಜನ ಇರ್ತಾರೆ ಅಂತಲೇ ಶುಕ್ರವಾರ."

ಆಕೆ ನಕ್ಕಳು, ಹೇಳಲಿಲ್ಲ. ಆ ಶುಕ್ರವಾರವೂ ಕಪ್ ತೊಳೆದಳು. ಆಮೇಲೆ ಇದೇ ರೂಢಿಯಾಯಿತು. ಯಾರೂ ಇಲ್ಲದಾಗ ಸ್ಲೈಡ್ ಮತ್ತೆ ಇಟ್ಟು 'ಇನ್ನೊಮ್ಮೆ ನೋಡುತ್ತೀರಾ' ಎನ್ನುವುದು, ನಾಲ್ಕು ಜನರೆದುರು ಬಾಯಿಗೆ ಬೀಗ. ಆದರೆ ಆಕೆಯ ಕಣ್ಣು ನನ್ನ ಕಣ್ಣಿಗಿಂತ ಒಂದು ಕೂದಲೆಳೆ ಮೇಲು ಎಂಬುದು ನನಗೆ ಗೊತ್ತಾಗಿಹೋಗಿತ್ತು.

ಏಪ್ರಿಲ್‌ನಲ್ಲಿ ಚೀನಾದಿಂದ ಹಬ್ಬಿದ ಸಾರ್ಸ್ ಜ್ವರದ ಸುದ್ದಿ ಎದ್ದಿತು. ಯೂಲಾನ್ ಚೀನಾ ಬಿಟ್ಟು ಮೂರು ತಿಂಗಳಾಗಿತ್ತು, ಒಂದು ಸೀನೂ ಸೀನಿರಲಿಲ್ಲ. ಆದರೂ ಟೀ ರೂಮಿನಲ್ಲಿ ಆಕೆ ಕೂತರೆ ಪಕ್ಕದವರು ಯಾರಿಗೋ ಫೋನ್ ಮಾಡುವುದು ನೆನಪಾಗಿ ಎದ್ದು ಹೋಗುತ್ತಿದ್ದರು. ಒಂದು ದಿನ ನೋಡುತ್ತೇನೆ, ಆಕೆಯ ಕಪ್ಪಿನ ಮೇಲೆ ಯಾರೋ ಕಪ್ಪು ಮಾರ್ಕರ್‌ನಲ್ಲಿ ಅವಳ ಹೆಸರು ಬರೆದು ಅದೊಂದನ್ನೇ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದರು. ಬೇರೆ ಯಾರೂ ತಪ್ಪಿ ತೆಗೆದುಕೊಳ್ಳದಿರಲಿ ಅಂತ.

ನನಗೆ ಅಂಗಾಲಿನಿಂದ ಉರಿ ಹತ್ತಿತು. ರಾಣೆಬೆನ್ನೂರು ಬಸ್ ಸ್ಟ್ಯಾಂಡಿನ ಹೋಟೆಲಿನ ಹೊರಗೋಡೆಯಲ್ಲಿ ಒಂದು ಗೂಡು ಇತ್ತು. ನಮ್ಮ ಕೇರಿಯವರ ಲೋಟ ಅಲ್ಲಿ. ನನ್ನಪ್ಪ ಅದರಲ್ಲಿ ಕುಡಿದು, ತಾನೇ ತೊಳೆದು, ಗೂಡಿಗೆ ಇಟ್ಟು ಬರುತ್ತಿದ್ದ. ಹುಬ್ಬಳ್ಳಿಯಲ್ಲಿ ಮೆಡಿಕಲ್ ಓದುವಾಗ ನಾವು ಒಂದಷ್ಟು ಹುಡುಗರು ಆ ಲೋಟಗಳನ್ನು ಎತ್ತಿಕೊಂಡು ಒಳಗೆ ನುಗ್ಗಿ ಮೇಜಿನ ಮೇಲೆ ಕುಕ್ಕಿ ಚಹಾ ಕೇಳಿದ್ದೆವು. ಚಹಾ ಬರಲಿಲ್ಲ, ಪೊಲೀಸರು ಬಂದರು. ಅಂದು ನನ್ನ ಜೊತೆ ಲಾಠಿ ಏಟು ತಿಂದವರಲ್ಲಿ ಮೈಸೂರಿನ ಶ್ರೀಕಂಠಯ್ಯನೂ ಒಬ್ಬ. ಮೇಲ್ಜಾತಿಯ ಮನೆಯ ಹುಡುಗ. ಆ ಲೋಟದಲ್ಲೇ ನೀರು ಕುಡಿದು ಅವರಪ್ಪನಿಂದ ಬೈಸಿಕೊಂಡಿದ್ದ. ಅವನ ಕಥೆಗೆ ಆಮೇಲೆ ಬರುತ್ತೇನೆ.

ಕಿಟಕಿಯ ಮೇಲಿನ ಕಪ್ ತಂದು, ಯೂಲಾನ್‌ಳ ಎದುರು ಕೂತು, "ಇದಕ್ಕೆ ಚಹಾ ಹಾಕು, ನೀನು ಅರ್ಧ ಕುಡಿ," ಎಂದೆ. ಉಳಿದರ್ಧ ನಾನು ಕುಡಿದೆ. ಆಕೆಯ ಕಣ್ಣು ತುಂಬಿತ್ತು, ನನಗೆ ಅದೆಲ್ಲ ನೋಡಿಕೊಂಡು ಕೂರಲು ಆಗುವುದಿಲ್ಲ, ಎದ್ದು ಬಂದೆ. ಮರುದಿನದಿಂದ ಆ ಕಪ್ ಎಲ್ಲ ಕಪ್ಪುಗಳ ಸಾಲಿಗೆ ಬಂತು.

ಒಂದು ವರ್ಷಕ್ಕೆಂದು ಬಂದವಳಿಗೆ ನಾನೇ ಅಲ್ಲಿ ಇಲ್ಲಿ ಕಾಡಿ ಬೇಡಿ ಎರಡು ವರ್ಷ ಮಾಡಿಸಿದೆ. ಭಾನುವಾರ ಕ್ವೇಕರ್ಸ್ ಹಿಲ್‌ನ ನಮ್ಮ ಮನೆಗೆ ಬರುತ್ತಿದ್ದಳು. ರುದ್ರವ್ವ ರೊಟ್ಟಿ ಬಡಿದರೆ ಈಕೆ ಹಿಟ್ಟನ್ನು ಹಗ್ಗದಂತೆ ಎಳೆದೆಳೆದು ನೂಡಲ್ಸ್ ಮಾಡುವಳು. "ನಮ್ಮ ಶಾವಿಗಿ ಇದರ ಮುಂದ ಕೂಸು," ಅನ್ನುವಳು ರುದ್ರವ್ವ. ಒಂದು ಭಾನುವಾರ ನಮ್ಮ ಮನೆಯ ಫೋನಿನಿಂದಲೇ ಊರಿಗೆ ಮಾತಾಡಿದಳು. ಆ ಕಡೆಯಿಂದ ಮಗಳು 'ಯಾರು ಮಾತಾಡೋದು' ಎಂದು ಕೇಳಿದಳಂತೆ. ಅವತ್ತು ಯೂಲಾನ್ ಊಟ ಮಾಡಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಮೆಲ್ಬರ್ನ್‌ನಿಂದ ಒಂದು ಪೆಟ್ಟಿಗೆ ಸ್ಲೈಡ್ ಬಂತು. ಅಲ್ಲಿನ ಒಂದು ಸಂಶೋಧನಾ ಕೇಂದ್ರ ಲಿವರ್‌ನ ಹೊಸ ಔಷಧಿಯನ್ನು ರೋಗಿಗಳ ಮೇಲೆ ಪರೀಕ್ಷೆ ಮಾಡುತ್ತಿತ್ತು. ಅದರ ಮುಖ್ಯಸ್ಥ ಬೇರೆ ಯಾರೂ ಅಲ್ಲ, ಆ ಶ್ರೀಕಂಠಯ್ಯನೇ. ಔಷಧಿ ಕೊಟ್ಟ ಮೇಲೆ ಲಿವರ್‌ನಲ್ಲಿ ರೋಗದಿಂದಾದ ಗಾಯದ ಕಲೆ ಕಡಿಮೆಯಾಗಿದೆ ಎಂದು ಅವರು ಬರೆದಿದ್ದರು. ಹೊರಗಿನ ಇನ್ನೊಂದು ಲ್ಯಾಬ್ ಅದನ್ನು ಒಪ್ಪಬೇಕು, ಅದಕ್ಕೆ ನಮ್ಮಲ್ಲಿಗೆ ಕಳಿಸಿದ್ದ. ಸ್ನೇಹಿತ ಕಣ್ಣು ಮುಚ್ಚಿ ಸಹಿ ಹಾಕುತ್ತಾನೆ ಅಂದುಕೊಂಡಿದ್ದನೋ ಏನೋ.

ಇಬ್ಬರು ಓದಬೇಕು, ಒಬ್ಬರು ಓದಿದ್ದು ಇನ್ನೊಬ್ಬರಿಗೆ ತಿಳಿಯಬಾರದು. ನಾನು ನನ್ನ ರೂಮಿನಲ್ಲಿ ಓದಿದೆ, ಯೂಲಾನ್ ಅವಳ ಮೇಜಿನಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಒಂದೇ ಮಾತು: ಕಲೆ ಕಡಿಮೆಯಾಗಿಲ್ಲ. ಕೆಲವರಲ್ಲಿ ಹೆಚ್ಚಾಗಿದೆ. ಅವರು ಇನ್ನೂ ಆ ಔಷಧಿ ನುಂಗುತ್ತಲೇ ಇದ್ದರು.

ಹಾಗೆಂದು ಬರೆದು ಕಳಿಸಿದೆ. ಫೋನ್ ಬಂತು.

"ಏನೋ ಬಾಳಪ್ಪ, ಹೀಗೆ ಮಾಡ್ಬಿಟ್ಟೆ? ಇನ್ನೊಂದ್ಸಲ ನೋಡೋ ಮಾರಾಯ."

"ನೋಡೀನಪ್ಪಾ. ಇಬ್ಬರೂ ನೋಡೀವಿ. ಔಷಧಿ ನಿಲ್ಲಸು, ಶ್ರೀಕಂಠ."

"ನಿಲ್ಸೋಕೆ ಅದೇನು ಸಿಟಿ ಬಸ್ಸಾ? ಎಷ್ಟು ಜನರ ಕೆಲಸ ಇದೆ ಗೊತ್ತಾ ಇದ್ರಲ್ಲಿ? ನೀನಿನ್ನೂ ರಾಣೆಬೆನ್ನೂರು ಬಸ್ ಸ್ಟ್ಯಾಂಡಲ್ಲೇ ಇದೀಯ ಕಣೋ. ಇದು ಮೆಲ್ಬರ್ನ್."

"ಅಲ್ಲಿ ಲಾಠಿ ಬೀಳೂ ಮುಂದ ನೀ ನನ್ನ ಬಾಜೂಕ ನಿಂತಿದ್ದಿ. ಈಗ ಲಾಠಿ ನಿನ್ನ ಕೈಯಾಗ ಐತಿ."

ಫೋನ್ ಇಟ್ಟ.

ನಾನು ಬಿಡಲಿಲ್ಲ, ದೂರು ಕೊಟ್ಟೆ. ವಿಚಾರಣೆಗೆ ಸಮಿತಿ ಕೂತಿತು, ಮೆಲ್ಬರ್ನ್‌ಗೆ ಬರಹೇಳಿದರು. ನನ್ನೊಬ್ಬನ ಕಣ್ಣಾದರೆ ಅದು ಅಭಿಪ್ರಾಯ, ಎರಡನೆಯ ಕಣ್ಣು ಸೇರಿದರೆ ಸಾಕ್ಷಿ. ಯೂಲಾನ್ ತಾನು ಓದಿದ್ದನ್ನು ಹೌದು ಎಂದರೆ ಅವತ್ತೇ ಔಷಧಿ ನಿಲ್ಲಬೇಕು. ಇಲ್ಲವಾದರೆ ರೋಗಿಗಳು ನುಂಗುತ್ತಲೇ ಇರಬೇಕು. ಅವಳಿಗೆ ಇದನ್ನು ಹೇಳಿದೆ. ತಲೆಯಾಡಿಸಿದಳು. ಆ ತಲೆಯಾಟ ನೋಡಿದಾಗಲೇ ನನಗೆ ತಿಳಿಯಬೇಕಿತ್ತು.

ಜುಲೈನ ಚಳಿ. ಆಕೆ ಒಂದು ದಿನ ಮೊದಲೇ ಮೆಲ್ಬರ್ನ್‌ಗೆ ಹೋಗಿದ್ದಳು, ಗೆಳತಿಯ ಮನೆ ಇದೆ ಎಂದಿದ್ದಳು. ನಾನು ಬೆಳಗಿನ ವಿಮಾನದಲ್ಲಿ ಹೋದೆ. ಉದ್ದನೆಯ ಮೇಜು, ಆ ತುದಿಗೆ ಬಿಳಿಕೂದಲಿನ ಅಧ್ಯಕ್ಷೆ, ಈ ಬದಿಗೆ ಶ್ರೀಕಂಠಯ್ಯ ಕೋಟು ಟೈ ಹಾಕಿಕೊಂಡು ಕೂತಿದ್ದ. ನನ್ನ ಮುಖ ನೋಡಲಿಲ್ಲ. ನಾನು ಹೇಳುವುದು ಹೇಳಿದೆ. ಆಮೇಲೆ ಯೂಲಾನ್‌ಳ ಸರದಿ.

"ಡಾಕ್ಟರ್ ಶೆನ್, ಈ ಸ್ಲೈಡುಗಳನ್ನು ನೀವು ಸ್ವತಂತ್ರವಾಗಿ ಓದಿದಿರಾ?" ಅಧ್ಯಕ್ಷೆ ಕೇಳಿದಳು.

"ಇಲ್ಲ. ಪ್ರೊಫೆಸರ್ ಹೇಳಿದಂತೆ ಬರೆದೆ."

"ಈಗ ನಿಮ್ಮ ಅಭಿಪ್ರಾಯವೇನು?"

ಆಕೆ ನನ್ನ ಕಡೆ ತಿರುಗಿದಳು.

"ಪ್ರೊಫೆಸರ್ ಓದಿದ್ದು ತಪ್ಪು."

ಒಂದೂವರೆ ವರ್ಷ ನಾನು ಬಾಯಿ ಬಡಕೊಂಡು ಕಲಿಸಿದ ಪಾಠ. ಜನರೆದುರು, ಗುರುವಿನ ಮುಖಕ್ಕೆ, ನೆಟ್ಟಗೆ ಹೇಳಿದಳು.

ಕೇಳಿದವರಿಗೆ ನಂಬಲು ಕಷ್ಟವೇನಿರಲಿಲ್ಲ. ಚೀನಾದವರು ಗುರು ಹೇಳಿದ್ದಕ್ಕೆಲ್ಲ ಹೌದನ್ನುತ್ತಾರೆ ಎಂಬುದು ಮೇಜಿನ ಸುತ್ತ ಕೂತವರಿಗೆಲ್ಲ ಗೊತ್ತಿದ್ದ ಸಂಗತಿ. ಅದೇ ಮಾತನ್ನು ನಾನೇ ಎಷ್ಟು ಸಭೆಗಳಲ್ಲಿ ನಗೆಚಾಟಿಕೆಯಾಗಿ ಆಡಿದ್ದೆ.

ಹೊರಗಿನ ಪಡಸಾಲೆಯಲ್ಲಿ ಆಕೆಯನ್ನು ಹಿಡಿದೆ.

"ನಿನ್ನ ಕಣ್ಣಿಗೆ ಕಂಡದ್ದು ಏನು?"

"ನಿಮ್ಮ ಕಣ್ಣಿಗೆ ಕಂಡದ್ದೇ. ನೀವು ಸರಿ, ಪ್ರೊಫೆಸರ್."

"ಒಳಗೆ ಹೋಗಿ ಹೇಳು."

"ಒಳಗೆ ಜನ ಇದ್ದಾರೆ."

ಕೈಯೆತ್ತಿ ಹೊಡೆಯುವಷ್ಟು ಸಿಟ್ಟು ಬಂತು. ಜೇಬಿಗೆ ಕೈ ಹಾಕಿಕೊಂಡೆ.

"ಶ್ರೀಕಂಠಯ್ಯ ಏನು ಕೊಟ್ಟ?"

"ಮೂರು ವರ್ಷದ ಕೆಲಸ. ಮಗಳು ಬಂದು ನನ್ನ ಜೊತೆ ಇರಬಹುದು." ನನ್ನನ್ನೇ ನೋಡಿ ಕೇಳಿದಳು, "ನೀವು ಕೊಡಬಹುದಿತ್ತೇ?"

ಇಲ್ಲ. ನನ್ನ ಬಳಿ ಇದ್ದದ್ದು ಒಂದು ಮೈಕ್ರೋಸ್ಕೋಪು, ಶುಕ್ರವಾರದ ಚಹಾ. ಆದರೂ ಕೇಳಿದೆ, "ಆ ರೋಗಿಗಳಿಗೂ ಮಕ್ಕಳಿಲ್ಲವೇ?" ಶ್ರೀಕಂಠಯ್ಯ ಬಾಗಿಲು ತೆಗೆದು ಹೊರಗೆ ಬಂದ, ನಮ್ಮಿಬ್ಬರನ್ನು ನೋಡಿ ಮತ್ತೆ ಒಳಗೆ ಹೋದ. ಅವನಿಗೆ ಬೈಯುವಷ್ಟೂ ಉಸಿರು ನನ್ನಲ್ಲಿರಲಿಲ್ಲ. ಆಕೆಗೆ ಮಗಳಾದರೂ ಇದ್ದಳು. ಇವನಿಗೆ ಏನಿತ್ತು?

ಆ ವಾರದ ಶುಕ್ರವಾರ ಸಾಮಾನು ಕಟ್ಟಿಕೊಳ್ಳಲು ಯೂಲಾನ್ ಲ್ಯಾಬ್‌ಗೆ ಬಂದಳು. ಉಳಿದ ಇಬ್ಬರು ಚೀನಾದವರಿಗೆ ಸುದ್ದಿ ಗೊತ್ತಾಗಿತ್ತು, ತಲೆ ತಗ್ಗಿಸಿ ಚಹಾ ಕುಡಿದರು. ಕುಡಿದಾದ ಮೇಲೆ ಆಕೆ ಎಂದಿನಂತೆ ಎದ್ದು ಕಪ್ಪುಗಳನ್ನು ಒಟ್ಟು ಮಾಡತೊಡಗಿದಳು.

"ಇಡು ಕೆಳಗೆ," ಎಂದೆ. "ಈ ವಾರ ನೀನು ನನ್ನ ತಪ್ಪು ಹಿಡಿದಿದ್ದೀ. ಜನರ ಮುಂದೆ. ತೊಳೆಯೋದು ನನ್ನ ಪಾಳಿ."

"ಪ್ರೊಫೆಸರ್, ದಯವಿಟ್ಟು..."

"ನಿಯಮ ಅಂದರೆ ನಿಯಮ. ಕೂತ್ಕೋ."

ಕೂರಲಿಲ್ಲ. ನಾನು ತೊಳೆದು ಮುಗಿಸುವವರೆಗೂ ಸಿಂಕಿನ ಪಕ್ಕ ಗೋಡೆಗೆ ಆತು ನಿಂತಿದ್ದಳು. ಮಾರ್ಕರ್‌ನಲ್ಲಿ ಹೆಸರು ಬರೆದ ಕಪ್ ಕೊನೆಗೆ ಬಂತು. ಅಕ್ಷರ ಅರ್ಧ ಅಳಿಸಿತ್ತು. ಅದನ್ನೂ ಉಜ್ಜಿದೆ. ಆಕೆ ಅಳುತ್ತಿದ್ದಳೋ ಏನೋ, ನಾನು ತಿರುಗಿ ನೋಡಲಿಲ್ಲ.

ಸಮಿತಿ ನನ್ನ ದೂರನ್ನು ತಳ್ಳಿಹಾಕಿತು. ಮುಂದಿನ ವರ್ಷದಿಂದ ಚೀನಾದವರು ನಮ್ಮ ಲ್ಯಾಬ್‌ಗೆ ಯಾರನ್ನೂ ಕಳಿಸಲಿಲ್ಲ, ಎಲ್ಲರೂ ಮೆಲ್ಬರ್ನ್‌ಗೆ ಹೋದರು. ಎರಡು ವರ್ಷದ ಮೇಲೆ ಆ ಔಷಧಿಯನ್ನು ಕಂಪನಿಯೇ ಸದ್ದಿಲ್ಲದೆ ಕೈಬಿಟ್ಟಿತು. ಅಷ್ಟರಲ್ಲಿ ಎಷ್ಟು ಲಿವರ್ ಹಾಳಾದವೋ ಯಾರೂ ಹೇಳಲಿಲ್ಲ.

ಕಪ್ ತೊಳೆದ ಆ ಶುಕ್ರವಾರ ಮನೆಗೆ ಬಂದಾಗ ರುದ್ರವ್ವ ಕೇಳಿದ್ದಳು, "ಆಕಿ ಕಪ್ ಏನ್ ಮಾಡಿದ್ರಿ? ನಾನಾಗಿದ್ರ ಒಡದು ಕಸದಾಗ ಒಗೀತಿದ್ದೆ."

"ಎಲ್ಲಾ ಕಪ್ಪಿನ ಸಾಲಿನ್ಯಾಗ ಇಟ್ಟು ಬಂದೆ," ಎಂದೆ. "ಬ್ಯಾರೆ ಇಡಾಕ ಕೈ ಬರಲಿಲ್ಲ."

ನಿಜವನ್ನೇ ಹೇಳಿದ್ದೆ. ರಿಟೈರ್ ಆಗುವವರೆಗೂ ಅದು ಆ ಸಾಲಿನಲ್ಲೇ ಇತ್ತು. ಆದರೆ ಚಹಾಕ್ಕೆ ಅದು ಕೈಗೆ ಸಿಕ್ಕ ದಿನವೆಲ್ಲ ಅಲ್ಲೇ ಬಿಟ್ಟು ಪಕ್ಕದ ಕಪ್ ತೆಗೆದುಕೊಂಡೆ.