ಹೆಸರಿಲ್ಲದ ಫೋಲ್ಡರಿನಲ್ಲಿ ಅವ್ವನ ಹಾಡು

ನಮ್ಮ ಕಡೆ ಯಾರ ಮನೆಯಿಂದಲಾದರೂ ಡಬ್ಬಿ ಬಂದರೆ ಅದನ್ನು ಖಾಲಿ ಮರಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಕೊಚ್ಚಿಯಲ್ಲಿದ್ದಾಗ ನಾವು ಕೆಲವು ಕನ್ನಡದ ಮನೆಗಳವರು, ಹೆಚ್ಚಿನವರು ನನ್ನಂತೆ ಬ್ಯಾಂಕಿನವರು, ಈ ಪದ್ಧತಿಯನ್ನು ಒಂದು ಹಾರ್ಡ್ ಡಿಸ್ಕಿಗೂ ಅಂಟಿಸಿದ್ದೆವು. ಮಲಯಾಳಂನಲ್ಲೇ ಜಗಳವಾಡುವ ನಮ್ಮ ಮಕ್ಕಳ ಕಿವಿಗೆ ಒಂದಿಷ್ಟು ಕನ್ನಡವೂ ಬೀಳಲಿ ಎಂದು ಕಥೆ, ಹಾಡು, ನಾಟಕ ತುಂಬಿದ ಆ ಡಿಸ್ಕು ಮನೆಯಿಂದ ಮನೆಗೆ ಹೋಗುತ್ತಿತ್ತು. ಕಳಿಸುವಾಗ ತಮ್ಮದೂ ಒಂದು ಫೋಲ್ಡರ್ ಸೇರಿಸಿಯೇ ಕಳಿಸಬೇಕು. ಏನೂ ಸೇರಿಸದೆ ಕಳಿಸಿದವರನ್ನು ವರ್ಷವಿಡೀ ಆಡಿಕೊಳ್ಳುತ್ತಿದ್ದೆವು. ಆಡಿಕೊಳ್ಳುವುದರಲ್ಲಿ ನಾನೇ ಮುಂದು.

ನನ್ನ ಫೋಲ್ಡರಿನಲ್ಲಿ ಅವ್ವನ ಹಾಡುಗಳಿದ್ದವು. ಧಾರವಾಡ ಸೀಮೆಯಲ್ಲಿ ಬೆಳೆದ ಅವ್ವ ಕೆಲಸ ಯಾವುದಿದ್ದರೂ ಅದಕ್ಕೊಂದು ಹಾಡು ತಾನೇ ಕಟ್ಟುತ್ತಿದ್ದಳು. ರೊಟ್ಟಿ ಬಡಿಯಲು ಒಂದು, ಅಕ್ಕಿ ಆರಿಸಲು ಒಂದು, ನನ್ನ ತಲೆ ಬಾಚಲು ಒಂದು. ಕೊಚ್ಚಿಯ ಪಕ್ಕದ ಆಲುವದಲ್ಲಿದ್ದ ನಮ್ಮ ಮನೆಯಲ್ಲಿ ಅವನ್ನೆಲ್ಲ ಫೋನಿನಲ್ಲಿ ಹಿಡಿದು ಡಿಸ್ಕಿಗೆ ಹಾಕಿದ್ದೆ. ಆಮೇಲೆ ಫೋನು ಕೆಟ್ಟುಹೋಯಿತು. ನನಗೆ ತಿರುವನಂತಪುರಕ್ಕೆ ವರ್ಗವಾಯಿತು. ಡಿಸ್ಕು ಮಾತ್ರ ಕೊಚ್ಚಿಯ ಮನೆಗಳಲ್ಲೇ ತಿರುಗುತ್ತಾ ಉಳಿಯಿತು.

ಇಲ್ಲಿಗೆ ಬಂದ ಮೇಲೆ ಅವ್ವನಿಗೆ ಲಕ್ವಾ ಹೊಡೆಯಿತು. ನಗರದೊಳಗಿನ ಉಳ್ಳೂರಿನ ಆಸ್ಪತ್ರೆಯವರು ಅವಳನ್ನು ಬದುಕಿಸಿಕೊಟ್ಟರು, ನಡೆಯುವಂತೆಯೂ ಮಾಡಿದರು. ಆದರೆ ಮಾತು ಹೋಗಿತ್ತು. ಹೇಳುವುದು ಅವಳಿಗೆ ಗೊತ್ತಿದೆ, ಬಾಯಿಗೆ ಬರುವುದಿಲ್ಲ. ಸಿಟ್ಟಿಗೆ ಲೋಟ ಕುಕ್ಕುತ್ತಿದ್ದಳು. ನನಗೂ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ತಿಳಿಯುತ್ತಿರಲಿಲ್ಲ. ಮಾತಿನ ಚಿಕಿತ್ಸೆ ಕೊಡುವ ಮಲಯಾಳಿ ಹೆಂಗಸು ಒಂದು ದಿನ, ಅಮ್ಮ ಮೊದಲು ಹಾಡುತ್ತಿದ್ದರೇ ಎಂದು ಕೇಳಿದರು. ಮಾತು ಹೋದವರಲ್ಲಿ ಕೆಲವರಿಗೆ ಹಾಡು ಉಳಿದಿರುತ್ತದಂತೆ. ಹಾಡಿನ ಧಾಟಿ ಹಿಡಿದು ಮಾತನ್ನು ಎಳೆದು ತರಬಹುದಂತೆ. "ಅವರದೇ ದನಿಯಲ್ಲಿ ಏನಾದರೂ ಇದ್ದರೆ ತನ್ನಿ, ಚೇಚ್ಚಿ," ಎಂದರು, ಅಕ್ಕ ಅನ್ನುವಂತೆ.

ಕೊಚ್ಚಿಗೆ ಫೋನ್ ಮಾಡಿದೆ. ಡಿಸ್ಕು ಯಾರ ಮನೆಯಲ್ಲಿತ್ತೋ ಆ ಪುಣ್ಯಾತ್ಮರು ಮರುದಿನವೇ ರೈಲಿನಲ್ಲಿ ಬರುವವರೊಬ್ಬರ ಕೈಯಲ್ಲಿ ಕೊಟ್ಟು ಕಳಿಸಿದರು. ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿದರೆ ಒಳಗೆ ಏನೂ ಇಲ್ಲ. ಬೋಳು. ಅವ್ವ ಪಕ್ಕದಲ್ಲೇ ಕುಳಿತಿದ್ದಳು, ಅವಳ ಎದುರು ಅಳಬಾರದೆಂದು ಅಡುಗೆಮನೆಗೆ ಹೋಗಿ ಅತ್ತೆ. ರಿಪೇರಿ ಅಂಗಡಿಯವನಿಗೆ ತೋರಿಸಿದರೆ ವೈರಸ್ ಇರಬಹುದು, ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಿ ಕೊಡುತ್ತೇನೆ ಅಂದ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವಳು ನಾನಲ್ಲ. ಕಿತ್ತುಕೊಂಡು ಬಂದೆ.

ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ನನ್ನ ಗೋಳು ಹಾಕಿದಾಗ ಉತ್ತರಿಸಿದವಳು ಮಂಗಳೂರು ಕಡೆಯ ಒಬ್ಬ ಹುಡುಗಿ. ಐಟಿ ಕಂಪನಿಗಳಿರುವ ಕಳಕ್ಕೂಟಂನ ಹಾಸ್ಟೆಲಿನಲ್ಲಿದ್ದಳು. ಕಂಪ್ಯೂಟರುಗಳಿಗೆ ನುಗ್ಗುವ ಇಂಥ ಹಾವಳಿಗಳನ್ನು ಪತ್ತೆಮಾಡುವುದೇ ಅವಳ ನೌಕರಿ. ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ, ತನ್ನದೇ ಒಂದು ಹಳೆಯ ಲ್ಯಾಪ್‌ಟಾಪ್ ಹಿಡಿದು ಬಂದಳು. ರೊಟ್ಟಿ ಬಡಿಸಲು ಹೋದರೆ, "ಉಪವಾಸ ಆಂಟಿ, ಸಂಜೆಗೆ ಕಟ್ಟಿ ಕೊಡಿ" ಎಂದು ನಕ್ಕಳು.

ಮೊದಲು ತನ್ನ ಲ್ಯಾಪ್‌ಟಾಪಿನ ಇಂಟರ್ನೆಟ್ ಸಂಪರ್ಕ ಕಡಿದಳು. ಆಮೇಲೆ ಡಿಸ್ಕು ಚುಚ್ಚಿ ಏನನ್ನೂ ತೆರೆಯದೆ ಬರೀ ನೋಡಿದಳು.

"ಇದು ಖಾಲಿ ಅಲ್ಲ. ಅರ್ಧಕ್ಕಿಂತ ಜಾಸ್ತಿ ಜಾಗ ತುಂಬಿ ಉಂಟು," ಅಂದಳು. "ಇಷ್ಟು ಜಾಗ ಹಿಡಿದದ್ದು ಎಲ್ಲಿಯೋ ಕೂತಿರ್ಬೇಕಲ್ಲ?"

ಬಚ್ಚಿಟ್ಟದ್ದನ್ನೂ ತೋರಿಸು ಎಂದು ಯಂತ್ರಕ್ಕೆ ಆಜ್ಞೆ ಕೊಟ್ಟಳು. ಹೆಸರೇ ಇಲ್ಲದ ಒಂದು ಫೋಲ್ಡರ್ ಕಾಣಿಸಿತು. ಅದರೊಳಗೆ ನಮ್ಮೆಲ್ಲರ ಮನೆಗಳ ಫೋಲ್ಡರುಗಳೂ ಇದ್ದವು, ಆದರೆ ಪ್ರತಿಯೊಂದರ ಪಕ್ಕ ಅದೇ ಹೆಸರಿನ ಇನ್ನೊಂದು. ನಾನು ಗಡಬಡಿಸಿ ಅವ್ವನ ಹೆಸರಿನ ಮೇಲೆ ಬೆರಳಿಡಲು ಹೋದೆ.

"ಮುಟ್ಬೇಡಿ ಮಾರಾಯ್ರೆ! ಇದರಲ್ಲಿ ಒಂದು ಮಾತ್ರ ಫೋಲ್ಡರ್. ಇನ್ನೊಂದು ಪ್ರೋಗ್ರಾಮ್, ಅದೇ ವೈರಸ್. ನಿಮ್ಮ ಲ್ಯಾಪ್‌ಟಾಪಲ್ಲಿ ಎರಡೂ ಒಂದೇ ಥರ ಹಳದಿ ಕಾಣ್ತದೆ. ನನ್ನದರಲ್ಲಿ ಬೇರೆ ಸಿಸ್ಟಮ್ ಉಂಟು, ವೈರಸ್ಸಿನ ವೇಷ ಇಲ್ಲಿ ನಡೆಯುವುದಿಲ್ಲ."

ನಿಜ, ಒಂದಕ್ಕೆ ಫೋಲ್ಡರಿನ ಚಿತ್ರವಿತ್ತು, ಇನ್ನೊಂದು ಬರೀ ಬಿಳಿ ಕಾಗದದಂತಿತ್ತು. ಆ ಬಿಳಿಯವೆಲ್ಲ ಗಾತ್ರದಲ್ಲಿ ಒಂದೇ ಅಳತೆಯವು. ಅವಳು ವಿವರಿಸಿದಳು: ವೇಷದ ಫೋಲ್ಡರನ್ನು ಒತ್ತಿದರೆ ವೈರಸ್ ಆ ಕಂಪ್ಯೂಟರಿಗೆ ಇಳಿಯುತ್ತದೆ, ಹಾಗೆಯೇ ನಿಜವಾದ ಫೋಲ್ಡರನ್ನೂ ತೆರೆದು ತೋರಿಸುತ್ತದೆ. ಬೇಕಾದ ಹಾಡು ಸಿಕ್ಕಿತಲ್ಲ ಎಂದು ಯಾರಿಗೂ ಅನುಮಾನ ಬರುವುದಿಲ್ಲ. ಹೊರಗಿನಿಂದ ಈ ಅಡಗು ಫೋಲ್ಡರಿಗೆ ದಾರಿಯಾಗಿದ್ದ ವೇಷದ ಫೈಲನ್ನು ನನ್ನ ಲ್ಯಾಪ್‌ಟಾಪಿನ ಆ್ಯಂಟಿವೈರಸ್ ಅಳಿಸಿಹಾಕಿದ್ದಕ್ಕೇ ನನಗೆ ಮಾತ್ರ ಡಿಸ್ಕು ಬೋಳಾಗಿ ಕಂಡದ್ದಂತೆ. ನಾವೋ ಡಬ್ಬಿ ತುಂಬುವ ಜನ. ಪ್ರತಿ ಮನೆಯವರೂ ಚುಚ್ಚಿ, ಒತ್ತಿ, ತಮ್ಮದನ್ನು ಸೇರಿಸಿ, ಮುಂದಿನ ಮನೆಗೆ ಪ್ರೀತಿಯಿಂದ ದಾಟಿಸಿದ್ದೆವು.

"ಯಾರ ಮನೀದಿದು? ಇವತ್ತ ಫೋನ್ ಹಚ್ಚಿ ಕೇಳತೇನಿ," ಎಂದು ನಾನು ಎದ್ದೆ.

"ಯಾರು ತಂದದ್ದು ಅಂತ ಆಮೇಲೆ ನೋಡುವ ಆಂಟಿ. ಮೊದಲು ಹಾಡು ತೆಗೆಯುವ."

ಬೈಯದೆ ಬಾಯಿ ಮುಚ್ಚಿಸುವ ಕಲೆ ಆ ವಯಸ್ಸಿಗೇ ಅವಳಿಗೆ ಸಿದ್ಧಿಸಿತ್ತು. ನಾನು ಕುಳಿತೆ. ಅವಳು ಹಾಡಿನ ಫೈಲುಗಳನ್ನಷ್ಟೇ ಬೇರೆ ಪೆನ್ ಡ್ರೈವಿಗೆ ತೆಗೆದಳು, ಒಂದೊಂದನ್ನೂ ತಪಾಸಣೆ ಮಾಡಿದಳು. ಕೆಲವು ಹಾಳಾಗಿರಬಹುದು ಎಂದು ಮೊದಲೇ ಎಚ್ಚರಿಸಿ, ಒಂದನ್ನು ಹಚ್ಚಿದಳು.

"ಎಣ್ಣಿ ಹಚ್ಚಿ ಬಾಚತೇನಿ ಕುಂದರ ಬಾರವಾ..."

ಒಳಕೋಣೆಯಿಂದ ಅವ್ವ ಗೋಡೆ ಹಿಡಿದುಕೊಂಡು ಬಂದಳು. ಲ್ಯಾಪ್‌ಟಾಪಿನ ಮುಂದೆ ನಿಂತಳು. ಬಾಯಿ ತೆರೆದಳು. ಮಾತಿಲ್ಲ, ಬರೀ ರಾಗ ಬಂತು, ತುಸು ಹಿಂದೆ ಬಿದ್ದು, ಆದರೆ ಸರಿಯಾದ ರಾಗ. ಹುಡುಗಿ ಕುರ್ಚಿ ಬಿಟ್ಟು ಎದ್ದು ಅವ್ವನನ್ನು ಕೂರಿಸಿದಳು. ನಾನು ಆ ಹುಡುಗಿಯ ಕೈ ಹಿಡಿದುಕೊಂಡು ಅತ್ತೆ. ಈ ಸಲ ಅಡುಗೆಮನೆಗೆ ಹೋಗಲಿಲ್ಲ.

ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿ ಕೊಟ್ಟೆ. ಬೇರೇನು ಕೊಟ್ಟರೂ ಅವಳು ಮುಟ್ಟಲಿಲ್ಲ. ಹೋಗುವ ಮುಂಚೆ ಕೊಚ್ಚಿಯ ಮನೆಗಳವರಿಗೆಲ್ಲ ತಾನೇ ಫೋನ್ ಮಾಡಿ, ಕಂಪ್ಯೂಟರುಗಳನ್ನು ಹೇಗೆ ಪರೀಕ್ಷಿಸಬೇಕೆಂದು ಸಮಾಧಾನದಿಂದ ಹೇಳಿದಳು. ಊರು ಕೊಳ್ಳೆ ಹೊಡೆದ ಮೇಲೆ ನಮ್ಮವರು ಕೋಟೆ ಬಾಗಿಲು ಹಾಕಿಕೊಂಡರು. ವೈರಸ್ ಯಾರ ಮನೆಯದೆಂದು ನಾನು ಕೊನೆಗೂ ಕೇಳಲಿಲ್ಲ. ನನ್ನ ಅವ್ವನ ಹಾಡನ್ನು ತಮ್ಮ ಮಕ್ಕಳಿಗೆ ಕೇಳಿಸಿ, ಅಳಿಸದೆ ಜೋಪಾನವಾಗಿ ಇಟ್ಟುಕೊಂಡವರೂ ಅವರೇ ಅಲ್ಲವೇ.

ಉಳ್ಳೂರಿನಲ್ಲಿ ಚಿಕಿತ್ಸೆ ಆ ಧಾಟಿಯಲ್ಲೇ ಸಾಗಿತು. ಮೊದಲು ಹಾಡಿನ ಜೊತೆ ಅವ್ವ ಗುನುಗಿದಳು. ಆಮೇಲೆ ಸಾಲಿನ ಕೊನೆಯ ಪದ ಹೇಳಿದಳು. ಆಮೇಲೆ ಅದೇ ರಾಗಕ್ಕೆ ನೀರು, ಚಹಾ ಎಂದು ಬೇರೆ ಪದಗಳನ್ನು ಕೂರಿಸಿ ಅಭ್ಯಾಸ ಮಾಡಿಸಿದರು. ಕೆಲವು ದಿನ ಚೆನ್ನಾಗಿ ಬರುತ್ತಿತ್ತು, ಕೆಲವು ದಿನ ಲೋಟ ಕುಕ್ಕುವುದೇ ಆಗುತ್ತಿತ್ತು. ನಾನು ಆಸೆ ಬಿಡಲಿಲ್ಲ ಅನ್ನುವುದು ಸುಳ್ಳು, ಎಷ್ಟೋ ಸಲ ಬಿಟ್ಟೆ.

ಒಂದು ಬೆಳಿಗ್ಗೆ ಬ್ಯಾಂಕಿಗೆ ತಡವಾಗಿತ್ತು. ಚಪ್ಪಲಿ ಮೆಟ್ಟಿ, ಬ್ಯಾಗು ಹೆಗಲಿಗೇರಿಸಿ ಬಾಗಿಲು ತೆರೆದಿದ್ದೆ. ಹಿಂದಿನಿಂದ, ತಲೆ ಬಾಚುವ ರಾಗದಲ್ಲಿ, ಎಳೆದೆಳೆದು ಅವ್ವ ಕೇಳಿದಳು:

"ಉಂಡೀ... ಏನ... ಮಗಳ?"

ಉಂಡಿರಲಿಲ್ಲ. ಅವ್ವನ ಕಾಯಿಲೆ ಶುರುವಾದಂದಿನಿಂದ ಆ ಮಾತನ್ನು ನನಗೆ ಯಾರೂ ಕೇಳಿರಲಿಲ್ಲ. ಬ್ಯಾಗು ಕೆಳಗಿಟ್ಟು, ತಟ್ಟೆ ಹಾಕಿಕೊಂಡು ಬಂದು ಅವಳ ಎದುರಿಗೆ ಕುಳಿತು ಉಂಡೆ.