ಗುಲಾಬಿ ನೀರು ಸುರಿದ ಫ್ಯಾನು

ಅಕ್ಕಾ, ನಿನ್ನನ್ನು ಆಸ್ಪತ್ರೆಗೆ ಸೇರಿಸಿ ಉಳಿಸಿಕೊಂಡವನು ನಾನು — ನಿನ್ನನ್ನು ಆ ಹಾಸಿಗೆಗೆ ಬೀಳಿಸಿದವನೂ ನಾನೇ. ಮೊದಲನೆಯದನ್ನು ಊರಿಗೆಲ್ಲ ಹೇಳಿಕೊಂಡು ಮೆರೆದೆ. ಎರಡನೆಯದನ್ನು ಮೂರು ವರ್ಷ ನುಂಗಿಕೊಂಡು ಕುಳಿತೆ. ಎದುರಿಗೆ ಬಂದರೆ ನಾಲಿಗೆ ಏಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾಗವಾಡದ ಆ ಮದುವೆ ನೆನಪಿದೆಯಲ್ಲ? ಮಂಟಪ, ಕುರ್ಚಿ, ಫ್ಯಾನು ಎಲ್ಲ ನನ್ನ ಬಾಡಿಗೆ ಅಂಗಡಿಯವೇ. ನೀನು ಬೀಗರ ಮೇಲೆ ಹಾಡು ಕಟ್ಟಿ ವರನ ಅಪ್ಪನ ಮೀಸೆಯನ್ನೂ ಬಿಟ್ಟಿರಲಿಲ್ಲ. ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಬಿಸಿಲು ಜೋರಾಗಿತ್ತು. ತುಂತುರು ಎರಚುವ ದೊಡ್ಡ ಫ್ಯಾನು ಹಚ್ಚಲು ಹೋದರೆ ಅದರ ಟಾಕಿಯಲ್ಲಿ ಹಿಂದಿನ ತಿಂಗಳ ನೀರು ಪಾಚಿಗಟ್ಟಿ ನಾರುತ್ತಿತ್ತು. ಚೆಲ್ಲಿ ತಿಕ್ಕಬೇಕಿತ್ತು. ನನಗೆ ಮೈಗಳ್ಳತನ — ಎರಡು ಬಾಟಲಿ ಗುಲಾಬಿ ನೀರು ಸುರಿದುಬಿಟ್ಟೆ. ಅಂಥ ಜಾಣ ನಾನು.

"ಏನ್ ಘಮ ಐತೋ ತಮ್ಮಾ, ನಾ ಇಲ್ಲೇ ಕುಂದರ್ತೇನಿ" ಎಂದು ನೀನು ಕುರ್ಚಿ ಎಳೆದುಕೊಂಡು ಅದರ ಎದುರಿಗೇ ಕುಳಿತೆ.

ವಾರದೊಳಗೆ ಜ್ವರ, ದಮ್ಮು. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ, ಆ ಗಾಳಿಯಿಲ್ಲದ ಗೋದಾಮಿನಲ್ಲಿ, ಮೂವತ್ತು ವರ್ಷ ಪುಡಿ ಜರಡಿ ಹಿಡಿದು ಸೋತ ಎದೆ ನಿನ್ನದು. ಬೆಳಗಾವಿಯ ಡಾಕ್ಟರು ಪರೀಕ್ಷೆ ಮಾಡಿಸಿ 'ಲೀಜನೇರ್ಸ್' ಎಂದರು. ನಿಂತ ನೀರಿನಲ್ಲಿ ಬೆಳೆಯುವ ರೋಗಾಣು, ತುಂತುರಿನ ಜೊತೆ ಉಸಿರಿಗೆ ಹೋಗುತ್ತದೆ, ಮೊದಲೇ ಕೆಟ್ಟಿರುವ ಶ್ವಾಸಕೋಶವನ್ನು ಬೇಗ ಹಿಡಿಯುತ್ತದೆ ಎಂದು ತಿಳಿಸಿ ನನ್ನನ್ನು ಕೇಳಿದರು — "ಕೂಲರು, ತುಂತುರು ನೀರು, ಇಂಥಾದ್ರ ಹತ್ರ ಎಲ್ಲ್ಯಾರ ಕುಂತಿದ್ರೇನ್ರಿ?"

"ಇಲ್ರಿ."

ಮರುದಿನವೇ ಅಂಗಡಿಯ ಬಾಗಿಲು ಹಾಕಿಕೊಂಡು ಆ ಟಾಕಿಯನ್ನು ತಿಕ್ಕಿದೆ. ಅಂದರೆ, ನನಗೆ ಗೊತ್ತಿತ್ತು. ಆ ಮದುವೆಗೆ ಬಂದ ಬೇರೆ ಯಾರಿಗಾದರೂ ಏನಾದರೂ ಆಯಿತೋ — ಅದನ್ನೂ ವಿಚಾರಿಸಲಿಲ್ಲ, ವಿಚಾರಿಸಿದರೆ ಸಿಕ್ಕಿಬೀಳುತ್ತಿದ್ದೆ.

ನೀನು ಗೆದ್ದು ಬಂದೆ. ಎದ್ದು ಕುಳಿತ ದಿನವೇ ಗಂಜಿ ತಂದ ನರ್ಸಮ್ಮನ ಮೇಲೆ ಹಾಡು ಕಟ್ಟಿದೆಯಲ್ಲ, ಇಡೀ ವಾರ್ಡು ನಕ್ಕಿತು. ನಾನು ಹೊರಗೆ ಹೋಗಿ ಅತ್ತೆ, ಖುಷಿಗೆ. ಅಷ್ಟು ಖುಷಿ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಆದರೆ ಮನೆಗೆ ಬಂದವಳು, "ತಂಬಾಕದ ಧೂಳ ಕುಡದ ಎದಿ ನಂದು, ಇನ್ನ ಮದುವಿ ಮಂದ್ಯಾಗ ಕುಂದರೂದು ಆಗಂಗಿಲ್ಲ" ಎಂದು ಎಲ್ಲ ತಪ್ಪನ್ನೂ ನಿನ್ನ ಎದೆಯ ಮೇಲೇ ಹಾಕಿಕೊಂಡೆ. ಮದುವೆಗಳನ್ನು ಬಿಟ್ಟೆ. ಹಾಡೂ ನಿಂತಿತು. ಆಗಲೂ ನಾನು ಬಾಯಿ ಬಿಡಲಿಲ್ಲ.

ಬರುವ ರವಿವಾರ ರಾಯಬಾಗದಲ್ಲಿ ನಿನ್ನ ಮೊಮ್ಮಗಳ ಮದುವೆ. ಅಲ್ಲಿಗೂ ಬರುವುದಿಲ್ಲ ಎಂದಿದ್ದೀಯಂತೆ. ಬಾ ಅಕ್ಕಾ. ಡಾಕ್ಟರ ಹತ್ತಿರ ಹೋಗಿದ್ದೆ — ಈ ಸಲ ಎಲ್ಲ ಹೇಳಿಯೇ ಕೇಳಿದೆ. ಗಾಳಿಯಾಡುವಲ್ಲಿ ಕುಳಿತು, ದಮ್ಮಿಗೆ ಎಳೆದುಕೊಳ್ಳುವ ಔಷಧದ ಪಂಪು ಜೊತೆಗಿಟ್ಟುಕೊಂಡರೆ ಧಾರಾಳವಾಗಿ ಹೋಗಬಹುದು ಎಂದರು. ಮಂಟಪ ನಾಲ್ಕೂ ಕಡೆ ತೆರೆದಿರುತ್ತದೆ. ನೀರಿನ ಫ್ಯಾನು ಒಂದೂ ಇರುವುದಿಲ್ಲ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಈ ಸಲ ಬೀಗರನ್ನು ಬಿಟ್ಟು ನನ್ನ ಮೇಲೆ ಹಾಡು ಕಟ್ಟು. ಪಾಚಿ, ಗುಲಾಬಿ ನೀರು, ಆ 'ಇಲ್ರಿ' — ಯಾವುದನ್ನೂ ಬಿಡಬೇಡ, ನನ್ನ ಹೆಸರನ್ನೂ. ಮೊದಲ ಸಾಲಿನಲ್ಲೇ ಕುಳಿತು ಪೂರ್ತಿ ಕೇಳುತ್ತೇನೆ.