ರೇಷನ್ ಕ್ಯೂನಲ್ಲಿ ಬರೆದ ಕಥೆ

ಅರವತ್ತರ ದಶಕದಲ್ಲಿ ನಾವು ಜಯನಗರದಲ್ಲಿದ್ದೆವು. ನಾನು ಶಾಲೆಯಲ್ಲಿ ಟೀಚರ್. ಮನೆಯಲ್ಲಿ ಯಜಮಾನರು, ಅತ್ತೆ, ಇಬ್ಬರು ಸಣ್ಣ ಮಕ್ಕಳು. ಕಥೆ ಬರೆಯುವ ಹುಚ್ಚಿತ್ತು, ಬಿಡುವಿರಲಿಲ್ಲ. ಶನಿವಾರ ಮಧ್ಯಾಹ್ನ ರೇಷನ್ ಅಂಗಡಿಯ ಕ್ಯೂನಲ್ಲಿ ಮಾತ್ರ ಯಾರೂ ನನ್ನನ್ನು ಕರೆಯುತ್ತಿರಲಿಲ್ಲ. ಅಲ್ಲಿ ನಿಂತೇ ನೋಟ್ ಪುಸ್ತಕದಲ್ಲಿ ಬರೆಯುತ್ತಿದ್ದೆ.

ಒಂದು ಸಲ ಹಿಂದೆ ನಿಂತಿದ್ದ ಹೆಂಗಸು ಇಣುಕಿ, “ಏನ್ ಬರೀತಿದೀರಾ ಅಕ್ಕ? ಸ್ವಲ್ಪ ಓದಿ” ಎಂದಳು. ಸಂಕೋಚದಿಂದಲೇ ಓದಿದೆ. ಕಥೆಯಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವ ತಾಯಿ ಉದ್ದಕ್ಕೆ ಬುದ್ಧಿ ಹೇಳುತ್ತಿದ್ದಳು.

“ಅಷ್ಟೊಂದು ಯಾರೂ ಮಾತಾಡಲ್ಲ ಅಕ್ಕ. ನಮ್ಮಮ್ಮ ನನ್ನ ಕಳಿಸೋವಾಗ ‘ಊಟ ಬಿಡ್ಬೇಡ’ ಅಂದ್ಲು, ಅಷ್ಟೇ.”

ಅವಳ ಮಾತು ನಿಜವೆನ್ನಿಸಿತು. ಕ್ಯೂ ಬಿಟ್ಟು ಪಕ್ಕದ ಜಗಲಿಯ ಮೇಲೆ ಕೂತು ಆ ಪುಟವನ್ನು ಹೊಸದಾಗಿ ಬರೆದೆ. ತಲೆಯೆತ್ತುವಷ್ಟರಲ್ಲಿ ಸಕ್ಕರೆ ಖಾಲಿಯಾಗಿತ್ತು.

ಮನೆಗೆ ಬಂದು ಅಂಜುತ್ತಲೇ ನಡೆದದ್ದನ್ನು ಅತ್ತೆಗೆ ಹೇಳಿದೆ. ಅವರು, “ಬೆಲ್ಲದ ಕಾಫಿ ಕುಡಿದ್ರಾಯ್ತು ಬಿಡು. ಮುಂದಿನ್ವಾರ ಕ್ಯೂಗೆ ನಾನ್ ಹೋಗ್ತೀನಿ, ನೀನು ಮನೇಲಿ ಕೂತು ಬರಿ” ಎಂದರು.

ಹೇಳಿದಂತೆ ಹೋದರು. ನಾನೂ ಕೂತೆ. ಮಕ್ಕಳು ಒಂದು ಸಾಲು ಬರೆಯಲೂ ಬಿಡಲಿಲ್ಲ. ಅದರ ಮುಂದಿನ ವಾರ ನಾನೇ ಚೀಲ ಹಿಡಿದು ಹೊರಟೆ.